ದಿನಾಂಕ ತಪ್ಪಿದರೆ ಮೊದಲು ಅದರ ಹಿಂದಿನ ಸಂಖ್ಯೆ ನೋಡಿ

ಕೋಡ್‌ನಿಂದ ಎಕ್ಸೆಲ್ ಫೈಲ್ ತಯಾರಿಸಿ ಅಕೌಂಟ್ಸ್ ವಿಭಾಗಕ್ಕೆ ಕಳಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಏಪ್ರಿಲ್ 1ರ ಬಿಲ್ಲು ಮಾರ್ಚ್ 31 ಅಂತ ತೋರಿಸ್ತಿದೆ." "ದಿನಾಂಕದ ಜಾಗದಲ್ಲಿ 45748 ಅಂತ ಏನೋ ಬಂದಿದೆ." "ಅರ್ಧ ಸಾಲು ಎಡಕ್ಕೆ ಅಂಟಿಕೊಂಡಿವೆ, ಅರ್ಧ ಬಲಕ್ಕೆ." ದೂರು ಕೈಗೆ ಬಂದ ತಕ್ಷಣ ಕೋಡ್ ತೆರೆದು ಫಾರ್ಮ್ಯಾಟ್ ಬರೆದ ಸಾಲನ್ನು ಹಿಂದೆ ಮುಂದೆ ತಿದ್ದುತ್ತಾ ಕೂರುವವರೇ ಹೆಚ್ಚು. ಅದರಿಂದ ಅರ್ಧ ದಿನ ಹಾಳು, ಅಷ್ಟೇ. ಸೆಲ್‌ನಲ್ಲಿ ಕಣ್ಣಿಗೆ ಕಾಣುವುದು ದಿನಾಂಕದ ವೇಷ ಮಾತ್ರ. ಒಳಗೆ ಕೂತಿರುವುದು ಒಂದು ಸಂಖ್ಯೆ. ಆ ಸಂಖ್ಯೆ ಎಷ್ಟಿದೆ, ಎಷ್ಟಿರಬೇಕಿತ್ತು ಎಂದು ಕಳೆದು ನೋಡಿದರೆ ತಪ್ಪು ಯಾವ ಮನೆಯಿಂದ ಬಂದಿದೆ ಎಂಬುದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಸಂಖ್ಯೆ ನೋಡುವುದು ಸುಲಭ. ಕಾಲಂ ಆಯ್ದು ಫಾರ್ಮ್ಯಾಟನ್ನು 'ಜನರಲ್'ಗೆ ಬದಲಿಸಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಟಿಲ್ಡೆ (~) ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಆಗುತ್ತದೆ. 01-04-2025 ಎಂದಿದ್ದ ಸೆಲ್ 45748 ಆದರೆ ಅದು ನಿಜವಾದ ದಿನಾಂಕ. ಏನೂ ಬದಲಾಗದೆ 01-04-2025 ಎಂದೇ ಉಳಿದರೆ ಅದು ದಿನಾಂಕವೇ ಅಲ್ಲ, ಬರೀ ಅಕ್ಷರ. ಇನ್ನೂ ಬೇಗ ತಿಳಿಯಬೇಕೆಂದರೆ ಫಿಲ್ಟರ್ ಬಾಣ ಒತ್ತಿ. ನಿಜವಾದ ದಿನಾಂಕಗಳು ವರ್ಷ, ತಿಂಗಳು ಎಂದು ಗುಂಪಾಗಿ ಮಡಚಿಕೊಂಡಿರುತ್ತವೆ. ಅಕ್ಷರವಾಗಿ ಬಂದವು ಅವುಗಳ ಕೆಳಗೆ ಒಂದೊಂದೇ ಸಾಲಾಗಿ ನಿಂತಿರುತ್ತವೆ. ಸಾವಿರಾರು ಸಾಲಿನ ಶೀಟಿನಲ್ಲಿ ಕೆಟ್ಟ ಸಾಲು ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸಂಖ್ಯೆಯ ಲೆಕ್ಕ

ಎಕ್ಸೆಲ್‌ಗೆ 1900ರ ಜನವರಿ 1 ಎಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಏರುತ್ತದೆ. ಕರ್ನಾಟಕ ಏಕೀಕರಣದ ದಿನ, 1956ರ ನವೆಂಬರ್ 1, ಎಕ್ಸೆಲ್ ಲೆಕ್ಕದಲ್ಲಿ 20760. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1 ಅಂದರೆ 26969. ಗಂಟೆ ನಿಮಿಷಗಳು ದಶಮಾಂಶದಲ್ಲಿ ಕೂರುತ್ತವೆ: ಮಧ್ಯಾಹ್ನ 12 ಎಂದರೆ 0.5, ಸಂಜೆ 6 ಎಂದರೆ 0.75.

ಇದರಲ್ಲಿ ಒಂದು ಹಳೆಯ ಗಂಟು ಇದೆ. 1900 ಅಧಿಕ ವರ್ಷವಲ್ಲ. ನೂರರಿಂದ ಭಾಗವಾಗುತ್ತದೆ, ನಾನೂರರಿಂದ ಆಗುವುದಿಲ್ಲ. ಆದರೂ ಎಕ್ಸೆಲ್‌ನಲ್ಲಿ 60 ಎಂದು ಬರೆದು ದಿನಾಂಕದ ಫಾರ್ಮ್ಯಾಟ್ ಕೊಟ್ಟರೆ 29-02-1900 ಎಂಬ ಇಲ್ಲದ ದಿನ ಬರುತ್ತದೆ. ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶ ಲೋಟಸ್ 1-2-3ರಲ್ಲಿ ಇದ್ದ ತಪ್ಪನ್ನು, ಅದರ ಫೈಲ್‌ಗಳ ಜೊತೆ ಹೊಂದಿಕೊಳ್ಳಲಿ ಎಂದು ಎಕ್ಸೆಲ್ ಬೇಕೆಂದೇ ಹೊತ್ತುಕೊಂಡಿತು. ಹೀಗಾಗಿ 1900ರ ಮಾರ್ಚ್ 1ರ ನಂತರದ ದಿನಗಳಿಗೆ ಲೆಕ್ಕದ ಬುಡ 1899ರ ಡಿಸೆಂಬರ್ 30. ಸ್ವಂತವಾಗಿ ಪರಿವರ್ತನೆಯ ಫಂಕ್ಷನ್ ಬರೆಯುವವರು ಇಲ್ಲೇ ಎಡವುವುದು. 1900ರ ಜನವರಿ 1ನ್ನು ಕಳೆದು ಬರೆದರೆ ಎಲ್ಲ ದಿನಾಂಕಗಳೂ ಸರಿಯಾಗಿ ಎರಡು ದಿನ ಹಿಂದೆ ಬೀಳುತ್ತವೆ. 1899ರ ಡಿಸೆಂಬರ್ 31 ಹಿಡಿದರೆ ಒಂದು ದಿನ. ಪೂರ್ಣಾಂಕದಲ್ಲಿ ಎರಡರ ವ್ಯತ್ಯಾಸ ಕಂಡರೆ ಟೈಮ್‌ಝೋನ್ ಕಡೆ ತಲೆ ಹಾಕಬೇಡಿ, ಬುಡದ ದಿನ ನೋಡಿ.

ವ್ಯತ್ಯಾಸ 1462 ಆಗಿದ್ದರೆ ಅದು ಬೇರೆಯೇ ರೋಗ. ಹಳೆಯ ಮ್ಯಾಕ್ ಎಕ್ಸೆಲ್ 1904ರ ಜನವರಿ 1ರಿಂದ ಎಣಿಸುತ್ತಿತ್ತು. ಆ ಕಾಲದ ಟೆಂಪ್ಲೇಟ್ ಫೈಲ್ ಒಂದನ್ನು ತೆರೆದು ಅದರೊಳಗೆ ಡೇಟಾ ತುಂಬಿಸುವ ಕೋಡ್ ಇದ್ದರೆ, ಫೈಲ್ ತನ್ನ 1904ರ ಗುರುತನ್ನು ಇಟ್ಟುಕೊಂಡೇ ಇರುತ್ತದೆ. 1462 ಅಂದರೆ ನಾಲ್ಕು ವರ್ಷ ಒಂದು ದಿನ. ದಿನಾಂಕ ನಾಲ್ಕು ವರ್ಷ ಜಾರಿದೆ ಎಂದು ಯಾರಾದರೂ ಹೇಳಿದರೆ ಕೋಡ್ ಓದುವ ಮೊದಲೇ ಟೆಂಪ್ಲೇಟ್ ತರಿಸಿಕೊಳ್ಳಿ. ಎಕ್ಸೆಲ್ ಆಯ್ಕೆಗಳ 'ಅಡ್ವಾನ್ಸ್ಡ್' ಪುಟದಲ್ಲಿ 1904 ದಿನಾಂಕ ಪದ್ಧತಿಯ ಟಿಕ್ ಗುರುತು ಇರುತ್ತದೆ.

ಸಂಖ್ಯೆ ಸರಿಯಿದ್ದೂ ಸೆಲ್‌ನಲ್ಲಿ 45748 ಎಂದೇ ಕಾಣುತ್ತಿದ್ದರೆ ಮೌಲ್ಯ ಫೈಲಿಗೆ ಸೇರಿದೆ, ಫಾರ್ಮ್ಯಾಟ್ ಸೇರಿಲ್ಲ ಎಂದರ್ಥ. ಫೈಲ್‌ನಲ್ಲಿ ಇವೆರಡೂ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಎಕ್ಸೆಲ್ ಫೈಲ್ ಎಂದರೆ ಜಿಪ್ ಕಟ್ಟಿದ ಎಕ್ಸ್‌ಎಂಎಲ್ ಫೈಲ್‌ಗಳ ಗಂಟು. ಶೀಟಿನ ಎಕ್ಸ್‌ಎಂಎಲ್‌ನಲ್ಲಿ ಸಂಖ್ಯೆ, ಸ್ಟೈಲ್‌ಗಳ ಎಕ್ಸ್‌ಎಂಎಲ್‌ನಲ್ಲಿ ವೇಷ. ಎಕ್ಸೆಲ್ ಫೈಲ್ ಬರೆಯುವ ಪೈಥಾನ್ ಲೈಬ್ರರಿ ಓಪನ್‌ಪೈಎಕ್ಸ್‌ಎಲ್ ದಿನಾಂಕ ಕೊಟ್ಟ ಕೂಡಲೇ ವರ್ಷ-ತಿಂಗಳು-ದಿನ ಎಂಬ ಫಾರ್ಮ್ಯಾಟನ್ನು ತಾನೇ ಹಚ್ಚುತ್ತದೆ. ಅಂಥದೇ ಇನ್ನೊಂದು ಲೈಬ್ರರಿ ಎಕ್ಸ್‌ಎಲ್‌ಎಸ್‌ಎಕ್ಸ್ ರೈಟರ್ ಹಚ್ಚುವುದಿಲ್ಲ; ಒಂದೋ ಪ್ರತಿ ಬರವಣಿಗೆಗೂ ಫಾರ್ಮ್ಯಾಟ್ ಕೊಡಬೇಕು, ಇಲ್ಲವೇ ವರ್ಕ್‌ಬುಕ್ ತೆರೆಯುವಾಗಲೇ ಡೀಫಾಲ್ಟ್ ದಿನಾಂಕದ ಫಾರ್ಮ್ಯಾಟ್ ಹೇಳಿಬಿಡಬೇಕು. ಜಾವಾದ ಲೈಬ್ರರಿ ಅಪಾಚೆ ಪಿಒಐ ಕೂಡ ಸಂಖ್ಯೆ ಮಾತ್ರ ಇಡುತ್ತದೆ, ಸೆಲ್ ಸ್ಟೈಲ್ ನೀವೇ ಕೊಡಬೇಕು. ಆ ಸ್ಟೈಲನ್ನು ಲೂಪಿನ ಹೊರಗೆ ಒಮ್ಮೆ ಸೃಷ್ಟಿಸಿ ಎಲ್ಲ ಸೆಲ್‌ಗಳಿಗೂ ಅದನ್ನೇ ಕೊಡಿ. ಪ್ರತಿ ಸೆಲ್‌ಗೂ ಹೊಸ ಸ್ಟೈಲ್ ಮಾಡುತ್ತಾ ಹೋದರೆ 64,000 ದಾಟಿದ ಕೂಡಲೇ ಪಿಒಐ ಎರರ್ ಎಸೆದು ನಿಲ್ಲುತ್ತದೆ. ಹಳೆಯ 97-2003 ಫೈಲಾದರೆ 4,000ಕ್ಕೇ. ಟೆಸ್ಟ್ ಡೇಟಾದಲ್ಲಿ ನೂರು ಸಾಲು ಇರುತ್ತದೆ, ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ವರ್ಷದ ಕೊನೆಯ ದೊಡ್ಡ ರಿಪೋರ್ಟ್ ದಿನವೇ ಬೀಳುತ್ತದೆ.

ಪಾಂಡಾಸ್ (ಪೈಥಾನ್‌ನ ಡೇಟಾ ಲೈಬ್ರರಿ) ಬಳಸುವವರಿಗೆ ಒಂದು ಮಾತು. ಬರೆದಾದ ಮೇಲೆ ಕಾಲಂಗೆ ಫಾರ್ಮ್ಯಾಟ್ ಹಚ್ಚಿದರೂ ದಿನಾಂಕಗಳು ಕದಲುವುದಿಲ್ಲ, ಏಕೆಂದರೆ ಪಾಂಡಾಸ್ ಆಗಲೇ ಪ್ರತಿ ಸೆಲ್‌ಗೂ ತನ್ನ ಫಾರ್ಮ್ಯಾಟ್ ಅಂಟಿಸಿರುತ್ತದೆ, ಸೆಲ್‌ನ ಮಾತು ಕಾಲಂನ ಮಾತಿಗಿಂತ ಮೇಲು. ಎಕ್ಸೆಲ್ ರೈಟರ್ ತೆರೆಯುವಾಗಲೇ ದಿನಾಂಕಕ್ಕೆ ಒಂದು, ದಿನಾಂಕ-ಸಮಯಕ್ಕೆ ಒಂದು ಫಾರ್ಮ್ಯಾಟ್ ಕೊಡಬೇಕು.

ಐದೂವರೆ ಗಂಟೆಯ ಗುರುತು

ಈಗ ನಮ್ಮ ದೇಶದವರಿಗೆ ಅತಿ ಹೆಚ್ಚು ಕಾಡುವ ತಪ್ಪಿಗೆ ಬರೋಣ. ಏಪ್ರಿಲ್ 1 ಹೋಗಿ ಮಾರ್ಚ್ 31 ಆಗಿದೆ. ಫಾರ್ಮ್ಯಾಟ್ ಜನರಲ್ ಮಾಡಿ. 45747 ಎಂದು ಪೂರ್ಣಾಂಕ ಬಂದರೆ ಬುಡದ ದಿನವನ್ನೋ ಡೇಟಾವನ್ನೋ ಸಂಶಯಿಸಿ. 45747.7708 ಎಂದು ಬಂದರೆ ಕಳ್ಳ ಸಿಕ್ಕಿಬಿದ್ದ. 0.7708 ಅಂದರೆ ಸಂಜೆ 6:30. ಭಾರತದ ನಡುರಾತ್ರಿ 12 ಗಂಟೆ ಯುಟಿಸಿಯಲ್ಲಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ) ಹಿಂದಿನ ದಿನದ ಸಂಜೆ 6:30. ಯಾರೋ ನಡುವೆ ಸ್ಥಳೀಯ ನಡುರಾತ್ರಿಯನ್ನು ಯುಟಿಸಿಗೆ ತಿರುಗಿಸಿದ್ದಾರೆ.

ಜಾವಾಸ್ಕ್ರಿಪ್ಟ್‌ನಲ್ಲಿ ಇದರ ಸರಪಳಿ ಹೀಗೆ ಕೂಡಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕಾಲಂ ಬರೀ ದಿನಾಂಕ, ಸಮಯವೇ ಇಲ್ಲ. ನೋಡ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಅದನ್ನು ಓದಿ, ಕೋಡ್ ಓಡುತ್ತಿರುವ ಯಂತ್ರದ ಸ್ಥಳೀಯ ನಡುರಾತ್ರಿಯ ಡೇಟ್ ಆಬ್ಜೆಕ್ಟ್ ಮಾಡಿ ಕೊಡುತ್ತದೆ. ಎಕ್ಸೆಲ್ ಫೈಲ್ ಬರೆಯುವ ಲೈಬ್ರರಿ ಎಕ್ಸೆಲ್‌ಜೆಎಸ್ ಅದನ್ನು ಬರೆಯುವಾಗ ಯುಟಿಸಿ ಮಿಲಿಸೆಕೆಂಡುಗಳನ್ನು ದಿನದಿಂದ ಭಾಗಿಸಿ 25569 ಕೂಡಿಸುತ್ತದೆ (1970ರ ಜನವರಿ 1ರ ಎಕ್ಸೆಲ್ ಸಂಖ್ಯೆ ಅದು). ಎರಡೂ ಲೈಬ್ರರಿಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಕೂಡಿದಾಗ ಒಂದು ದಿನ ಮಾಯ. ತಮಾಷೆ ಎಂದರೆ ಇದು ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ, ಯುಟಿಸಿಯಲ್ಲಿ ಓಡುವ ಡಾಕರ್ ಕಂಟೇನರಿನಲ್ಲಿ ಕಾಣುವುದಿಲ್ಲ. ನ್ಯೂಯಾರ್ಕಿನಲ್ಲಿ ಕೂತು ಅದೇ ಕೋಡ್ ಓಡಿಸಿದವರಿಗೂ ಕಾಣುವುದಿಲ್ಲ: ಅಲ್ಲಿಯ ನಡುರಾತ್ರಿ ಯುಟಿಸಿಯಲ್ಲಿ ಅದೇ ದಿನದ ಬೆಳಗಿನ ಜಾವ, ದಿನಾಂಕ ಸರಿಯಾಗೇ ತೋರುತ್ತದೆ, ನಾಲ್ಕೈದು ಗಂಟೆ ಬಾಲದಂತೆ ಅಡಗಿ ಕೂತಿರುತ್ತದೆ. ಯುಟಿಸಿಗಿಂತ ಪೂರ್ವದಲ್ಲಿ ಇರುವವರ ಪಾಡು ಪಶ್ಚಿಮದವರಿಗೆ ಅರ್ಥವಾಗದೇ ಇರುವುದಕ್ಕೆ ಕಾರಣ ಇದೇ.

ಇದಕ್ಕೆ ಐದೂವರೆ ಗಂಟೆ ಕೂಡಿಸುವ ತೇಪೆ ಹಾಕಬೇಡಿ. ಸರ್ವರಿನಲ್ಲಿ ಅದೇ ತೇಪೆ 45748.2292 ಎಂದು ಬರೆಯುತ್ತದೆ, ಅಂದರೆ ಬೆಳಗ್ಗೆ 5:30. ದಿನಾಂಕ ಸರಿ ಕಂಡರೂ, ಮೌಲ್ಯ ಹೋಲಿಸಿ ಹುಡುಕುವ ವಿಲುಕಪ್ ಸೂತ್ರಕ್ಕೆ ಅದು ಹೊಂದುವುದಿಲ್ಲ. ಬರೀ ದಿನಾಂಕವನ್ನು ಡೇಟ್ ಆಬ್ಜೆಕ್ಟ್ ಆಗಲು ಬಿಡದಿರುವುದೇ ಮದ್ದು. ಡ್ರೈವರಿಗೆ ದಿನಾಂಕದ ಪ್ರಕಾರವನ್ನು (ಪೋಸ್ಟ್‌ಗ್ರೆಸ್‌ನಲ್ಲಿ ಅದರ ಸಂಖ್ಯೆ 1082) ಅಕ್ಷರವಾಗಿಯೇ ಕೊಡು ಎಂದು ಹೇಳಿ. ಮೈಎಸ್‌ಕ್ಯುಎಲ್ ಡ್ರೈವರಿನಲ್ಲಿ ಡೇಟ್‌ಸ್ಟ್ರಿಂಗ್ಸ್ ಎಂಬ ಆಯ್ಕೆಯಿದೆ. ಬಂದ ಅಕ್ಷರವನ್ನು ವರ್ಷ, ತಿಂಗಳು, ದಿನ ಎಂದು ಒಡೆದು ಯುಟಿಸಿ ನಡುರಾತ್ರಿಯಾಗಿ ಕಟ್ಟಿ ಎಕ್ಸೆಲ್‌ಜೆಎಸ್‌ಗೆ ಕೊಡಿ. ತಿಂಗಳಿನಿಂದ ಒಂದು ಕಳೆಯುವುದು ಮರೆಯಬೇಡಿ, ಜಾವಾಸ್ಕ್ರಿಪ್ಟ್‌ಗೆ ಜನವರಿ ಎಂದರೆ ಸೊನ್ನೆ. ಜಾವಾದಲ್ಲಾದರೆ ಹಳೆಯ ಡೇಟ್ ಕ್ಲಾಸ್ ಬಿಟ್ಟು ಲೋಕಲ್‌ಡೇಟ್ ಬಳಸಿ.

ನಿಜವಾದ ಸಮಯಮುದ್ರೆ ಇದ್ದಾಗ, ಅಂದರೆ ಪಾವತಿ ಆದ ಕ್ಷಣ ಯುಟಿಸಿಯಲ್ಲಿ ದಾಖಲಾಗಿದ್ದಾಗ, ಕ್ರಮ ಬೇರೆ: ಮೊದಲು ಭಾರತದ ಸಮಯಕ್ಕೆ ತಿರುಗಿಸಿ, ಆಮೇಲೆ ಝೋನ್ ಕಿತ್ತುಹಾಕಿ, ಬೇಕಾದರೆ ಕೊನೆಗೆ ಗಂಟೆ ಕತ್ತರಿಸಿ. ಈ ಕ್ರಮ ತಪ್ಪಬಾರದು. ಎಕ್ಸೆಲ್‌ಗೆ ಟೈಮ್‌ಝೋನ್ ಎಂಬುದೇ ಇಲ್ಲ, ಆದ್ದರಿಂದ ಝೋನ್ ಇರುವ ಸಮಯ ಕೊಟ್ಟರೆ ಓಪನ್‌ಪೈಎಕ್ಸ್‌ಎಲ್, ಪಾಂಡಾಸ್ ಎರಡೂ ಎರರ್ ಕೊಡುತ್ತವೆ. ಎರರ್ ಬಂತಲ್ಲ ಎಂದು ಝೋನನ್ನು ಸುಮ್ಮನೆ ತೆಗೆದು ಎಸೆದರೆ ಒಳಗೆ ಉಳಿಯುವುದು ಯುಟಿಸಿ ಗಡಿಯಾರ. ಎಕ್ಸ್‌ಎಲ್‌ಎಸ್‌ಎಕ್ಸ್ ರೈಟರಿನ 'ರಿಮೂವ್ ಟೈಮ್‌ಝೋನ್' ಆಯ್ಕೆ ಮಾಡುವುದೂ ಇದನ್ನೇ. ಅದು ಪರಿವರ್ತಿಸುವುದಿಲ್ಲ, ಬರೀ ಕಿತ್ತುಹಾಕುತ್ತದೆ. ರಾತ್ರಿ 12ರಿಂದ ಬೆಳಗ್ಗೆ 5:30ರ ನಡುವೆ ಆದ ವಹಿವಾಟುಗಳು ಮಾತ್ರ ಹಿಂದಿನ ದಿನಕ್ಕೆ ಹೋಗುತ್ತವೆ, ಉಳಿದವು ಸರಿಯಾಗಿಯೇ ಇರುತ್ತವೆ. ಹಗಲಲ್ಲಿ ಟೆಸ್ಟ್ ಮಾಡುವವರ ಕಣ್ಣಿಗೆ ಅದು ಎಂದೂ ಬೀಳದು. ರಾತ್ರಿ 1 ಗಂಟೆಗೆ ತಾನಾಗಿ ಓಡುವಂತೆ ಗೊತ್ತುಮಾಡಿದ ಕ್ರಾನ್ ಕೆಲಸ "ಇವತ್ತಿನ ದಿನಾಂಕ" ಕೇಳಿ ನಿನ್ನೆಯದನ್ನು ಶೀರ್ಷಿಕೆಯಲ್ಲಿ ಬರೆಯುವುದೂ ಇದೇ ಕಾಯಿಲೆಯ ಇನ್ನೊಂದು ಮುಖ.

ಇನ್ನೊಂದು ವಿಚಿತ್ರ ಗುರುತು 0.7549. ಅದು 18:07. ಐದೂವರೆ ಗಂಟೆ ಇರಬೇಕಾದ ಕಡೆ 5 ಗಂಟೆ 53 ನಿಮಿಷ ಬಂದಿದೆ. ಪೈಥಾನ್‌ನ ಹಳೆಯ ಪೈಟಿಝಡ್ ಲೈಬ್ರರಿಯ ಏಷ್ಯಾ/ಕೋಲ್ಕತಾ ಝೋನನ್ನು ದಿನಾಂಕಕ್ಕೆ ನೇರವಾಗಿ ಅಂಟಿಸಿದರೆ ಅದು ಆ ಝೋನಿನ ಮೊಟ್ಟಮೊದಲ ದಾಖಲೆಯನ್ನು, ಅಂದರೆ ಭಾರತೀಯ ಕಾಲಮಾನ ಬರುವುದಕ್ಕೂ ಹಿಂದಿನ ಕಲ್ಕತ್ತೆಯ ಸ್ಥಳೀಯ ಸಮಯವನ್ನು, ಹಿಡಿದುಕೊಳ್ಳುತ್ತದೆ. 23 ನಿಮಿಷದ ವ್ಯತ್ಯಾಸ ಎಲ್ಲಿ ಕಂಡರೂ ಇದೇ ಎಂದು ತಿಳಿಯಿರಿ. ಪೈಟಿಝಡ್‌ನಲ್ಲೇ ಇರಬೇಕಾದರೆ 'ಲೋಕಲೈಝ್' ಬಳಸಿ. ಪೈಥಾನ್ 3.9ರಿಂದ ಝೋನ್‌ಇನ್ಫೊ ಭಾಷೆಯ ಜೊತೆಗೇ ಬರುತ್ತದೆ, ಅದಕ್ಕೆ ಬದಲಾಗುವುದು ಲೇಸು.

ದಿನ ಮತ್ತು ತಿಂಗಳು ಅದಲು ಬದಲಾದಾಗ

ಏಪ್ರಿಲ್ 1ರ ಬದಲು 45661 ಬಂದಿದ್ದರೆ ಅದು 2025ರ ಜನವರಿ 4. 01/04/2025 ಎಂಬುದನ್ನು ಯಾರೋ ಅಮೆರಿಕದ ಕ್ರಮದಲ್ಲಿ ಓದಿದ್ದಾರೆ. ಇದರ ದುಷ್ಟತನ ಇರುವುದು ಅರ್ಧಂಬರ್ಧದಲ್ಲಿ: 12ನೇ ತಾರೀಕಿನವರೆಗೆ ಅದಲು ಬದಲು, 13ರಿಂದ ಮುಂದೆ ಬೇರೆ ನಡವಳಿಕೆ. ವಿಂಡೋಸ್ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ, ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ತೆರೆದಾಗ 12/04/2025 ಡಿಸೆಂಬರ್ 4 ಆಗುತ್ತದೆ, 13/04/2025 ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಅದೇ ಫೈಲ್ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆ, ಅಲ್ಲಿ ಸೆಟ್ಟಿಂಗ್ ಇಂಗ್ಲಿಷ್ (ಭಾರತ) ಇರುತ್ತದೆ.

ಪೈಥಾನ್ ಕಡೆ ಹಳೆಯ ಪಾಂಡಾಸ್ ಇನ್ನೂ ಕೆಟ್ಟದ್ದು: 12/04ನ್ನು ಡಿಸೆಂಬರ್ ಎಂದು, 13/04ನ್ನು ಏಪ್ರಿಲ್ ಎಂದು, ಒಂದೇ ಕಾಲಂನಲ್ಲಿ ಸದ್ದಿಲ್ಲದೆ ಎರಡು ಕ್ರಮದಲ್ಲಿ ಓದುತ್ತಿತ್ತು. ಪಾಂಡಾಸ್ 2.0ರಿಂದ ಮೊದಲ ಮೌಲ್ಯ ನೋಡಿ ಕ್ರಮ ಊಹಿಸಿ, ಮುಂದೆ ಹೊಂದದಿದ್ದರೆ ಎರರ್ ಕೊಡುತ್ತದೆ. ಪರವಾಗಿಲ್ಲ ಎನ್ನಬಹುದು, ಆದರೂ ಎಲ್ಲ ಸಾಲೂ 12ರೊಳಗಿದ್ದರೆ ಊಹೆ ಊಹೆಯೇ. 'ಡೇ ಫಸ್ಟ್' ಆಯ್ಕೆಯನ್ನೂ ನೆಚ್ಚಬೇಡಿ, ಅದು ಕಟ್ಟುನಿಟ್ಟಲ್ಲ. ಫಾರ್ಮ್ಯಾಟನ್ನು ಪೂರ್ತಿ ಬರೆದು ಕೊಡಿ, ಹೊಂದದ ಸಾಲು ಎರರ್ ಆಗಲಿ.

ಆಗಲೇ ಕೆಟ್ಟ ಶೀಟು ಕೈಯಲ್ಲಿದ್ದರೆ? ಮೂಲ ಡೇಟಾ ಇದ್ದರೆ ಮತ್ತೆ ತಯಾರಿಸಿ, ಅದೇ ಕ್ಷೇಮ. ಇಲ್ಲದಿದ್ದರೆ ಪಕ್ಕದ ಕಾಲಂನಲ್ಲಿ ಸೂತ್ರ ಬರೆಯಿರಿ: ಸೆಲ್ ಸಂಖ್ಯೆಯಾಗಿದ್ದರೆ ಅದರ ವರ್ಷ, ದಿನ, ತಿಂಗಳನ್ನು ಈ ಕ್ರಮದಲ್ಲೇ ಡೇಟ್ ಫಂಕ್ಷನ್‌ಗೆ ಕೊಟ್ಟು ತಿರುಗಿಸಿ, ಅಕ್ಷರವಾಗಿದ್ದರೆ ಬಲದಿಂದ ನಾಲ್ಕು, ನಡುವೆ ಎರಡು, ಎಡದಿಂದ ಎರಡು ಅಕ್ಷರ ಕತ್ತರಿಸಿ ಅದೇ ಫಂಕ್ಷನ್‌ಗೆ ಕೊಡಿ. ಇಡೀ ಕಾಲಂ ಒಂದೇ ಸಲ, ಒಂದೇ ತಪ್ಪು ಸೆಟ್ಟಿಂಗ್‌ನಲ್ಲಿ ಓದಲಾಗಿದೆ ಎಂಬುದು ಖಚಿತವಿದ್ದರೆ ಮಾತ್ರ ಇದು ನಡೆಯುತ್ತದೆ. 'ಟೆಕ್ಸ್ಟ್ ಟು ಕಾಲಮ್ಸ್' ಮೂರನೇ ಹಂತದಲ್ಲಿ ದಿನ-ತಿಂಗಳು-ವರ್ಷ ಆರಿಸಿದರೆ ಅಕ್ಷರವಾಗಿ ಉಳಿದವು ಮಾತ್ರ ಸರಿಯಾಗುತ್ತವೆ, ಅದಲು ಬದಲಾದವು ಹಾಗೇ ಉಳಿಯುತ್ತವೆ. ಎಲ್ಲವೂ ಬಲಕ್ಕೆ ಸರಿದವು, ಗುಣವಾಯಿತು ಎಂದು ಜನ ನಂಬುವುದು ಇಲ್ಲೇ. ಡೇಟ್‌ವ್ಯಾಲ್ಯೂ ಫಂಕ್ಷನ್ ಕಂಪ್ಯೂಟರಿನ ಸೆಟ್ಟಿಂಗ್ ನೋಡಿ ಓದುವುದರಿಂದ ಈ ಕೆಲಸಕ್ಕೆ ಬೇಡ.

ಹೊಸದಾಗಿ ಬರೆಯುವಾಗ ನನ್ನ ಆಯ್ಕೆ ಡಿಡಿ-ಎಂಎಂಎಂ-ವೈವೈವೈವೈ, ಅಂದರೆ ತಿಂಗಳು ಅಕ್ಷರದಲ್ಲಿ. ಓದುವವರು ಯಾವ ದೇಶದಲ್ಲಿದ್ದರೂ ಗೊಂದಲವಿಲ್ಲ. ಎಕ್ಸೆಲ್‌ನ ಒಳಗೇ ಇರುವ 14ನೇ ನಂಬರಿನ ಫಾರ್ಮ್ಯಾಟ್ ಬಳಸಿದರೆ ಅದು ತೆರೆಯುವವರ ಕಂಪ್ಯೂಟರಿನ ಸೆಟ್ಟಿಂಗ್‌ನಂತೆ ಬೆಂಗಳೂರಿನಲ್ಲಿ ಒಂದು ಥರ, ಅಮೆರಿಕದಲ್ಲಿ ಒಂದು ಥರ ಕಾಣುತ್ತದೆ. ಮೌಲ್ಯಕ್ಕೆ ಧಕ್ಕೆಯಿಲ್ಲ, ಆದರೆ ಸ್ಕ್ರೀನ್‌ಶಾಟ್ ಕಳಿಸಿ ಜಗಳವಾಡುವವರಿಗೆ ಹಬ್ಬ. ಎರಡಂಕಿಯ ವರ್ಷವಂತೂ ಬೇಡವೇ ಬೇಡ. 12-06-45 ಎಂಬ ಪಿಂಚಣಿದಾರರ ಹುಟ್ಟಿದ ದಿನವನ್ನು ಎಕ್ಸೆಲ್ ಸಾಮಾನ್ಯವಾಗಿ 1945 ಎಂದು ಓದುತ್ತದೆ (30ರಿಂದ 99 ಹಿಂದಿನ ಶತಮಾನ), ಪೈಥಾನ್ 2045 ಎನ್ನುತ್ತದೆ (ಅದಕ್ಕೆ 69ರಿಂದ ಹಿಂದಿನ ಶತಮಾನ). ಜಾವಾದಲ್ಲಿ ಅಕ್ಷರವಾಗಿ ಬರೆಯುವಾಗ ವರ್ಷಕ್ಕೆ ದೊಡ್ಡಕ್ಷರದ ವೈ ಹಾಕಿದರೆ ಅದು ವಾರದ ವರ್ಷ, ಅಂದರೆ ಆ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೋ ಆ ವರ್ಷ. 2025ರ ಡಿಸೆಂಬರ್ 29 ಆಗ 29-12-2026 ಆಗುತ್ತದೆ. ವರ್ಷದ ಕೊನೆ-ಮೊದಲಿನ ಕೆಲವೇ ದಿನ ಮಾತ್ರ ಕೆಡುವ ಕೋಡ್ ಅದು.

ದಿನಾಂಕವಲ್ಲದ್ದು ದಿನಾಂಕವಾದಾಗ

ಇದು ಉಲ್ಟಾ ಕಷ್ಟ. ಜಮೀನಿನ ಸರ್ವೆ ನಂಬರ್ 12/3 ಸಿಎಸ್‌ವಿಯಲ್ಲಿ ಹೋದರೆ ನಮ್ಮ ಸೆಟ್ಟಿಂಗ್‌ನಲ್ಲಿ ಅದು ಮಾರ್ಚ್ 12, ಅಮೆರಿಕದ್ದರಲ್ಲಿ ಡಿಸೆಂಬರ್ 3. 45/2 ಹಾಗೇ ಉಳಿಯುತ್ತದೆ, ಆದ್ದರಿಂದ ಪಟ್ಟಿಯಲ್ಲಿ ಕೆಲವೇ ಸಾಲು ಕೆಡುತ್ತವೆ. ಒಮ್ಮೆ ಸೇವ್ ಮಾಡಿದರೆ ಮೂಲ ಹೋಯಿತು, ಫಾರ್ಮ್ಯಾಟ್ ಬದಲಿಸಿ ವಾಪಸ್ ತರಲಾಗದು. ಜೀನ್‌ಗಳ ಹೆಸರುಗಳಾದ ಮಾರ್ಚ್1, ಸೆಪ್ಟ್1 ಇದೇ ರೀತಿ ದಿನಾಂಕವಾಗಿ ಕಾಡಿ ಕಾಡಿ, ಕೊನೆಗೆ ಜೀನ್ ನಾಮಕರಣ ಸಮಿತಿಯೇ 2020ರಲ್ಲಿ ಹೆಸರು ಬದಲಿಸಿತು. ಸರ್ವೆ ನಂಬರುಗಳನ್ನು ಹಾಗೆ ಬದಲಿಸಲಾಗದು. ಸಿಎಸ್‌ವಿ ಬಿಟ್ಟು ನಿಜವಾದ ಎಕ್ಸೆಲ್ ಫೈಲ್ ತಯಾರಿಸಿ; ಆ ಕಾಲಂನ್ನು ಅಕ್ಷರವಾಗಿಯೇ ಬರೆದು, 'ಟೆಕ್ಸ್ಟ್' ಫಾರ್ಮ್ಯಾಟ್ (ಬರೀ @ ಗುರುತು) ಹಚ್ಚಿ. ಫಾರ್ಮ್ಯಾಟ್ ಯಾಕೆಂದರೆ, ಬಳಕೆದಾರರು ಸೆಲ್ ಒಳಗೆ ಹೋಗಿ ಎಂಟರ್ ಒತ್ತಿದ ಕೂಡಲೇ ಎಕ್ಸೆಲ್ ಮತ್ತೆ ಊಹಿಸಲು ಶುರು ಮಾಡುತ್ತದೆ. ಗೂಗಲ್ ಶೀಟ್ಸ್ ಎಪಿಐ ಬಳಸುವವರು ಇಲ್ಲಿ 'ರಾ' ಎಂಬ ವಿಧಾನ ಆರಿಸಬೇಕು. 'ಯೂಸರ್ ಎಂಟರ್ಡ್' ಆದರೆ ಬೆರಳಲ್ಲಿ ಟೈಪ್ ಮಾಡಿದಂತೆಯೇ ಊಹೆ ನಡೆಯುತ್ತದೆ.

ಖಾಲಿ ದಿನಾಂಕಗಳನ್ನು ಖಾಲಿಯಾಗಿಯೇ ಬಿಡಿ. ಸೊನ್ನೆ ಬರೆದರೆ 00-01-1900 ಎಂದು ಬರುತ್ತದೆ. 01-01-1970 ಬೆಳಗ್ಗೆ 5:30 ಎಂದು ಬಂದರೆ ಯಾವುದೋ ಕೋಡ್ ಶೂನ್ಯ ಸಮಯಮುದ್ರೆಯನ್ನು ಪ್ರಾಮಾಣಿಕವಾಗಿ ಭಾರತದ ಸಮಯಕ್ಕೆ ತಿರುಗಿಸಿದೆ. ಸೆಲ್ ತುಂಬಾ ಹ್ಯಾಶ್ ಗುರುತು ಇದ್ದರೆ ಮೊದಲು ಕಾಲಂ ಅಗಲ ಮಾಡಿ. ಆಗಲೂ ಹೋಗದಿದ್ದರೆ ಸಂಖ್ಯೆ ಋಣವಾಗಿದೆ, ಇಲ್ಲವೇ 2958465 (ಅದು 31-12-9999) ದಾಟಿದೆ. ಎರಡನೆಯದಾದರೆ ಸಾಮಾನ್ಯವಾಗಿ ಅದು 1743445800ರಂಥ ಯುನಿಕ್ಸ್ ಸೆಕೆಂಡು, ಅಂದರೆ 1970ರ ಜನವರಿ 1ರಿಂದ ಎಣಿಸಿದ್ದು. 86400ರಿಂದ ಭಾಗಿಸಿ, 25569 ಕೂಡಿಸಿ, 5.5/24 ಕೂಡಿಸಿದರೆ ಭಾರತದ ಸಮಯ ಬರುತ್ತದೆ. ಈ ಸಂಖ್ಯೆಗೆ ಉತ್ತರ 45748, ಗಂಟೆಯ ಬಾಲವಿಲ್ಲದೆ.

ಗಂಟೆಯ ಬಾಲ ಆರ್ಥಿಕ ವರ್ಷದ ಕೊನೆಯಲ್ಲಿ ಹಣವನ್ನೇ ತಿನ್ನುತ್ತದೆ. 31-03-2025ಕ್ಕಿಂತ ಕಡಿಮೆ ಅಥವಾ ಸಮ ಎಂದು ಮೊತ್ತ ತೆಗೆದರೆ, 31ರ ಮಧ್ಯಾಹ್ನ ಆದ ಪಾವತಿ 45747.6 ಆಗಿರುತ್ತದೆ, 45747ಕ್ಕಿಂತ ದೊಡ್ಡದು, ಹೊರಗುಳಿಯುತ್ತದೆ. ಶರತ್ತನ್ನು 01-04-2025ಕ್ಕಿಂತ ಕಡಿಮೆ ಎಂದು ಬರೆಯಿರಿ. ಇಲ್ಲವೇ ದಿನಾಂಕಕ್ಕೆ ಒಂದು, ಸಮಯಕ್ಕೆ ಒಂದು ಎಂದು ಎರಡು ಕಾಲಂ ಕೊಡಿ; ಪಿವಟ್ ಮಾಡುವವರು ಹರಸುತ್ತಾರೆ.

ಟೆಸ್ಟ್‌ಗೆ ಆರಿಸಬೇಕಾದ ದಿನಗಳು ಕೆಲವು: 31-03-2025 ರಾತ್ರಿ 11:45, 01-04-2025 ನಡುರಾತ್ರಿ ದಾಟಿ 12:10, ಒಂದೇ ತಿಂಗಳ 12 ಮತ್ತು 13, 29-02-2024 (45351 ಬರಬೇಕು), 29-12-2025, ಒಂದು ಖಾಲಿ. ಟಿಝಡ್ ಎನ್ವಿರಾನ್‌ಮೆಂಟ್ ವೇರಿಯಬಲನ್ನು ಏಷ್ಯಾ/ಕೋಲ್ಕತಾ, ಯುಟಿಸಿ, ಅಮೆರಿಕಾ/ನ್ಯೂಯಾರ್ಕ್ ಎಂದು ಬದಲಿಸಿ ಮೂರು ಸಲ ಓಡಿಸಿ. ಬಂದ ಫೈಲನ್ನು ಅದೇ ಲೈಬ್ರರಿಯಿಂದ ವಾಪಸ್ ಓದಿ ಹೋಲಿಸಬೇಡಿ, ಹೋಗುವಾಗ ಆದ ತಪ್ಪು ಬರುವಾಗ ತಾನೇ ರದ್ದಾಗಿ ಟೆಸ್ಟ್ ಪಾಸಾಗುತ್ತದೆ. ಜಿಪ್ ಬಿಚ್ಚಿ ಶೀಟಿನ ಎಕ್ಸ್‌ಎಂಎಲ್‌ನಲ್ಲಿರುವ ಸಂಖ್ಯೆಯನ್ನೇ ಹೋಲಿಸಿ. ಮೂರು ಸಲವೂ ಒಂದೇ ಇರಬೇಕು.

1900ಕ್ಕಿಂತ ಹಿಂದಿನ ದಿನಾಂಕ, ಉದಾಹರಣೆಗೆ 1890ರ ದಶಕದ ಕ್ರಯಪತ್ರ, ಎಕ್ಸೆಲ್‌ನಲ್ಲಿ ದಿನಾಂಕವಾಗಿ ಕೂರುವುದೇ ಇಲ್ಲ. ಲಿಬ್ರೆ ಆಫೀಸ್ ಋಣ ಸಂಖ್ಯೆ ಒಪ್ಪಿಕೊಳ್ಳುತ್ತದೆ, ಆದರೆ ಅದೇ ಫೈಲ್ ಎಕ್ಸೆಲ್‌ನಲ್ಲಿ ತೆರೆದರೆ ಹ್ಯಾಶ್ ಸಾಲು. ಅಂಥವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಅಕ್ಷರವಾಗಿ ಬರೆಯಿರಿ, 1893-07-21 ಎಂಬಂತೆ. ವಿಂಗಡಿಸಿದಾಗಲಾದರೂ ಸಾಲಾಗಿ ನಿಲ್ಲುತ್ತವೆ.